ಬ್ಲಾಕ್‌ಚೈನ್ ಕಂಪನಿಗೆ ಯಾವ ಆಸರೆ ಬೇಕು?

ತುಮಕೂರು ಮೂಲದ ಯುನೋಕಾಯಿನ್ ಬ್ಲಾಕ್‌ಚೈನ್ ಮೇಲೆ ನಿಂತ ಬಿಟ್‌ಕಾಯಿನ್ ವ್ಯವಹಾರಕ್ಕೆ ಇಳಿದದ್ದು 2013ರಲ್ಲಿ. 2016ರಲ್ಲಿ ಬ್ಲೂಮ್ ವೆಂಚರ್ಸ್ ಮತ್ತಿತರರು ಅದರಲ್ಲಿ 15 ಲಕ್ಷ ಡಾಲರ್ ಹೂಡಿದರು. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕಿನ ಸುತ್ತೋಲೆ ಬಂತು: ಇಂಥ ಕಂಪನಿಗಳಿಗೆ ಬ್ಯಾಂಕುಗಳು ಸೇವೆ ಕೊಡುವಂತಿಲ್ಲ. ಗ್ರಾಹಕ ರೂಪಾಯಿ ಕಟ್ಟುವ ದಾರಿಯೇ ಮುಚ್ಚಿದ ಮೇಲೆ ಹೂಡಿಕೆದಾರರ ಡಾಲರ್ ಎಷ್ಟಿದ್ದೇನು? ಆ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕೆಂಪ್ ಫೋರ್ಟ್ ಮಾಲ್‌ನಲ್ಲಿ ನಗದು ಕಟ್ಟಲು ಯುನೋಕಾಯಿನ್ ಇಟ್ಟ ಯಂತ್ರವನ್ನೂ ಪೊಲೀಸರು ಜಪ್ತಿ ಮಾಡಿದರು.

ಇದೇ ವ್ಯವಹಾರದಲ್ಲಿದ್ದ ಜೆಬ್‌ಪೇ ಭಾರತದ ವಿನಿಮಯ ಕೇಂದ್ರವನ್ನು ನಿಲ್ಲಿಸಿತು, ಕಾಯಿನೆಕ್ಸ್ 2019ರಲ್ಲಿ ಬಾಗಿಲು ಹಾಕಿತು. ಯುನೋಕಾಯಿನ್ ಹೇಗೋ ತಾಳಿಕೊಂಡಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಸುತ್ತೋಲೆಯನ್ನು ರದ್ದುಪಡಿಸಿತು. ಅದೇ ವರ್ಷ ಅಮೆರಿಕದ ಹೂಡಿಕೆದಾರ ಟಿಮ್ ಡ್ರೇಪರ್ ಹಣ ಹಾಕಿದರು. ಮೊದಲು ಕಾನೂನಿನ ನೆಲ ಸಿಕ್ಕಿತು, ಹೊಸ ಹಣ ಆಮೇಲೆ ಬಂತು.

ವಾಲ್ಡ್‌ನ ಕತೆ ಬೇರೆ. ಬೆಂಗಳೂರಿನಲ್ಲೂ ಕೆಲಸ ನಡೆಸುತ್ತಿದ್ದ ಈ ಸಿಂಗಪುರದ ಕ್ರಿಪ್ಟೊ ಠೇವಣಿ ಕಂಪನಿಗೆ 2021ರಲ್ಲಿ ವಲಾರ್ ವೆಂಚರ್ಸ್ ನೇತೃತ್ವದಲ್ಲಿ 2.5 ಕೋಟಿ ಡಾಲರ್ ಬಂದಿತ್ತು. ಒಂದು ವರ್ಷದೊಳಗೆ ಕ್ರಿಪ್ಟೊ ಬೆಲೆ ಕುಸಿಯಿತು, ಠೇವಣಿದಾರರು ಹಣ ವಾಪಸ್ ಕೇಳಲು ಮುಗಿಬಿದ್ದರು. 2022ರ ಜುಲೈ 4ರಂದು ಕಂಪನಿ ಹಣ ಹಿಂಪಡೆಯುವುದನ್ನೇ ನಿಲ್ಲಿಸಿತು. ದೊಡ್ಡವರ ಹೆಸರು ನೋಡಿ ಬಂದ ಜನರನ್ನು ಆ ಹೆಸರು ಕಾಯಲಿಲ್ಲ.

ಹಣವೊಂದೇ ಸಾಲದು ಎನ್ನುವ ಈ ಎರಡು ಕತೆಗಳು ಹುಬ್ಬಳ್ಳಿಗೂ ಸಂಬಂಧಪಟ್ಟವು. ಅಲ್ಲಿ ಹೊಸ ಕಂಪನಿಗಳಿಗೆ ಆಸರೆ ಕೊಡುವ ದೇಶಪಾಂಡೆ ಸ್ಟಾರ್ಟಪ್ಸ್ ಇದೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಕುಂದಗೋಳ ತಾಲ್ಲೂಕಿನ ಸಂಶಿಯ ಹುಡುಗನೊಬ್ಬ ಮೆಣಸಿನಕಾಯಿಯ ಜಾಡು ಹಿಡಿಯುವ ಬ್ಲಾಕ್‌ಚೈನ್ ಕಟ್ಟಲು ಹೊರಟ ಎನ್ನೋಣ. ಬ್ಯಾಡಗಿ ಕಾಯಿಯ ಚೀಲಕ್ಕೆ ಬೇರೆ ತಳಿಯ ಕಾಯಿ ಬೆರೆಸಿ ಶುದ್ಧ ಬ್ಯಾಡಗಿ ಎಂದು ನಮೂದಿಸಿದರೆ, ಆ ಸುಳ್ಳನ್ನೇ ತಂತ್ರಜ್ಞಾನ ಅಳಿಸಲಾಗದಂತೆ ಕಾಪಾಡುತ್ತದೆ. ಆದ್ದರಿಂದ ಅವನಿಗೆ ಅನುದಾನದಷ್ಟೇ ಮುಖ್ಯವಾಗಿ ಬೇಕಾದವರು ಚೀಲ ಬಿಚ್ಚಿ ಪರೀಕ್ಷಿಸುವ ವರ್ತಕ, ಆ ದಾಖಲೆ ನೋಡಿ ಹೆಚ್ಚು ಬೆಲೆ ಕೊಡುವ ಖರೀದಿದಾರ. ಕಾಫಿ ಮಂಡಳಿ 2019ರಲ್ಲಿ ಬೆಂಗಳೂರಿನ ಏಕಾ ಕಂಪನಿಯ ಜೊತೆ ಬ್ಲಾಕ್‌ಚೈನ್ ಮಾರುಕಟ್ಟೆಯ ಪ್ರಯೋಗ ಶುರು ಮಾಡಿದಾಗ ಬೆಳೆಗಾರರನ್ನೂ ಖರೀದಿದಾರರನ್ನೂ ಒಟ್ಟಿಗೆ ಕೂರಿಸಲು ಹೊರಟದ್ದು ಸರಿಯಾದ ಹೆಜ್ಜೆ.

ಆಸರೆ ಕೊಡುವ ಸಂಸ್ಥೆಗಳು ಎಷ್ಟು ಹಣ ಹಂಚಿದೆವು ಎಂಬ ಲೆಕ್ಕದ ಜೊತೆಗೆ ಇನ್ನೆರಡನ್ನು ಪ್ರಕಟಿಸಬೇಕು: ಅನುದಾನ ಮುಗಿದು ಮೂರು ವರ್ಷಕ್ಕೆ ಎಷ್ಟು ಕಂಪನಿ ಉಳಿದಿವೆ, ಅವುಗಳಲ್ಲಿ ಎಷ್ಟಕ್ಕೆ ದುಡ್ಡು ಕೊಡುವ ಗ್ರಾಹಕರಿದ್ದಾರೆ.