ಒತ್ತಕ್ಷರಕ್ಕೆ ಬಿಟ್ಟ ಜಾಗ

ಮಂಡ್ಯ, ಮದ್ದೂರು, ಮಳವಳ್ಳಿ. ಮೂರು ಊರಿನ ಹೆಸರಿನಲ್ಲೂ ಒಂದೊಂದು ಒತ್ತಕ್ಷರವಿದೆ. ಓದುವವರಿಗೆ ಇದೇನು ದೊಡ್ಡ ವಿಷಯವಲ್ಲ. ಬೋರ್ಡು ಬರೆಯುವವರಿಗೆ ಇದೇ ವಿಷಯ. ಮಳವಳ್ಳಿ ರಸ್ತೆಯಲ್ಲಿ ಒಬ್ಬರು ಅಂಗಡಿಯ ನೆತ್ತಿಯ ಮೇಲೆ ಹೆಸರು ಬರೆಯುತ್ತಿದ್ದುದನ್ನು ಅರ್ಧ ಗಂಟೆ ನಿಂತು ನೋಡಿದ್ದೆ. ಸುಣ್ಣದ ದಾರವನ್ನು ಎಳೆದು ಹೊಡೆದು ಎರಡು ಗೆರೆ ಮೂಡಿಸಿದರು. ಬಳಿಕ ಕೆಳಗಿನ ಗೆರೆಯ ಕೆಳಗೆ ನಾಲ್ಕು ಬೆರಳು ಇಟ್ಟು ಅಳೆದು ಇನ್ನೊಂದು ಗೆರೆ ಹೊಡೆದರು. ಅದು ಒತ್ತಿನ ಜಾಗ. ಅಂಗಡಿಯವರು ಕೆಳಗಡೆ ಫೋನ್ ನಂಬರು ದಪ್ಪಗೆ ಬರಲಿ ಎಂದು ಕೂಗಿದರೂ ಅವರು ಆ ನಾಲ್ಕು ಬೆರಳನ್ನು ಬಿಟ್ಟುಕೊಡಲಿಲ್ಲ. ಕೇಳಿದ್ದಕ್ಕೆ ಏಣಿಯ ಮೇಲಿಂದಲೇ ಹೇಳಿದರು: “ಇಂಗ್ಲಿಸ್ ಅಕ್ಸರ ಬಸ್ಸಲ್ಲಿ ಸೀಟ್ ಮೇಲೆ ಕೂತಂಗೆ ಸಾ. ಕನ್ನಡ ಜಗಲಿ ಮೇಲೆ ಕೂತಂಗೆ, ಕಾಲು ಇಳಿಬುಡ್ಬೇಕು.”

ಇಪ್ಪತ್ತನೆಯ ಶತಮಾನದ ನಮ್ಮ ಕಟ್ಟಡ ಮತ್ತು ಅಕ್ಷರಗಳ ಬಗ್ಗೆ ಬರೆದವರು ಸಾಮಾನ್ಯವಾಗಿ ಬೆಂಗಳೂರಿನಲ್ಲೇ ಸುತ್ತುತ್ತಾರೆ. ವಿಧಾನಸೌಧ, ಬಿ.ವಿ. ದೋಶಿಯವರ ಐಐಎಂ, ಚಾರ್ಲ್ಸ್ ಕೊರಿಯಾ ಅವರ ವಿಶ್ವೇಶ್ವರಯ್ಯ ಕೇಂದ್ರ, ನಡುವೆ ಒಂದೆರಡು ಪುಸ್ತಕದ ಮುಖಪುಟಗಳು. ಮಂಡ್ಯ ಜಿಲ್ಲೆಗೆ ಬಂದರೆ ನೇರ ಹೊಯ್ಸಳರ ಕಾಲಕ್ಕೆ ಹೋಗಿಬಿಡುತ್ತಾರೆ. ನಡುವಿನ ಏಳೆಂಟು ಶತಮಾನ ಇಲ್ಲಿ ಯಾರೂ ಏನೂ ಕಟ್ಟಲೇ ಇಲ್ಲವೇನೋ ಅನ್ನುವ ಹಾಗೆ. ಆದರೆ ಈ ಸೀಮೆಗೆ ತನ್ನದೇ ಆದ ಆಧುನಿಕ ಪರಂಪರೆಯೊಂದಿದೆ. ಅದನ್ನು ಕಟ್ಟಿದವರು ಎಂಜಿನಿಯರು, ಮೇಸ್ತ್ರಿ ಮತ್ತು ಬೋರ್ಡು ಬರೆಯುವವರು. ಮೂವರ ಕೆಲಸವೂ ಒಂದೇ ತೂಕದ್ದಲ್ಲ. ಆದರೂ ಎಂಜಿನಿಯರಿಗೆ ಸಿಕ್ಕ ಹೊಗಳಿಕೆಯಲ್ಲಿ ಸ್ವಲ್ಪ ಪಾಲು ಉಳಿದಿಬ್ಬರಿಗೆ ಸಲ್ಲಬೇಕಿತ್ತು.

ಎಂಜಿನಿಯರುಗಳಿಂದ ಶುರುಮಾಡೋಣ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು. ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದರು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷದ ಮೇಲೆ. ಬೆಟ್ಟದ ಇಳಿಜಾರಿನಲ್ಲಿ ಕೊಳವೆಗಳು ಸಾಲಾಗಿ ಇಳಿದು ಕೆಳಗಿನ ಪವರ್ ಹೌಸಿಗೆ ಸೇರುವ ನೋಟವಿದೆಯಲ್ಲ, ಅದರಲ್ಲಿ ಒಂದೂ ಅನವಶ್ಯಕ ಗೆರೆಯಿಲ್ಲ. ನೀರು ಹೇಗೆ ಬೀಳಬೇಕೋ ಹಾಗೆ ಕಬ್ಬಿಣ ಮಲಗಿದೆ. ಕನ್ನಂಬಾಡಿ ಕಟ್ಟೆಯದೂ ಇದೇ ಗುಣ. 1911ರಲ್ಲಿ ಶುರುವಾಗಿ ಎರಡು ದಶಕ ಹಿಡಿದ, ಸುಮಾರು 8,600 ಅಡಿ ಉದ್ದದ ಈ ಕಟ್ಟೆಯ ಗಾರೆ ಸುಣ್ಣ ಮತ್ತು ಸುರ್ಕಿಯದು, ಅಂದರೆ ಇಟ್ಟಿಗೆಪುಡಿಯದು. ದುಬಾರಿ ಸಿಮೆಂಟಿಗೆ ಕಾಯದೆ ಕೈಗೆಟುಕುವ ಮಣ್ಣನ್ನೇ ಸುಟ್ಟು ಕುಟ್ಟಿ ಕಲ್ಲಿಗೆ ಕಲ್ಲು ಹಿಡಿಸಿದರು. ಅಲ್ಲಿಂದ ಹೊರಟ ಇರ್ವಿನ್ ನಾಲೆ ಹುಲಿಕೆರೆಯಲ್ಲಿ ಒಂದೂವರೆ ಮೈಲಿಗೂ ಹೆಚ್ಚು ದೂರ ನೆಲದೊಳಗೆ ಹೋಗಿ ಮೇಲೆದ್ದು ಮಂಡ್ಯ, ಮದ್ದೂರಿನ ಗದ್ದೆಗಳಿಗೆ ಬಂತು. ಜನ ಈಗ ವಿ.ಸಿ. ನಾಲೆ ಅನ್ನುತ್ತಾರೆ. ಮದ್ದೂರಿನ ಶಿಂಷೆಗೆ ಮೇಲ್ಗಡೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಎಂಜಿನಿಯರ್ ಗಣೇಶ ಅಯ್ಯರ್ ಅವರ ಸೈಫನ್‌ಗಳಿವೆ. ಕೆರೆ ತುಂಬಿದಾಗ ಯಾರೂ ಗೇಟು ಎತ್ತಬೇಕಿಲ್ಲ; ಸೈಫನ್ ತಾನಾಗಿಯೇ ನೀರನ್ನು ಎಳೆದು ಹರಿಸುತ್ತದೆ.

ಕೆನೆತ್ ಫ್ರಾಂಪ್ಟನ್ ಎಂಬ ವಿಮರ್ಶಕ 1983ರಲ್ಲಿ ‘ವಿಮರ್ಶಾತ್ಮಕ ಪ್ರಾದೇಶಿಕತೆ’ಯ ಬಗ್ಗೆ ಒಂದು ಪ್ರಬಂಧ ಬರೆದು ಹೆಸರಾದ. ಹೊಸ ತಂತ್ರವನ್ನು ತೆಗೆದುಕೊಳ್ಳಿ, ಆದರೆ ನೆಲ, ಬೆಳಕು, ಹವೆಗೆ ಅದನ್ನು ತಗ್ಗಿಸಿ ಎಂಬುದು ಅವನ ವಾದದ ತಿರುಳು. ಅದಕ್ಕೂ ಅರ್ಧ ಶತಮಾನದ ಹಿಂದೆ ಮೈಸೂರು ಸಂಸ್ಥಾನದ ಲೋಕೋಪಯೋಗಿ ಇಲಾಖೆಯವರು ಯಾವ ಪ್ರಬಂಧವನ್ನೂ ಬರೆಯದೆ ನಾಲೆಯ ಮೇಲುಗಾಲುವೆ, ತೂಬು, ಇನ್‌ಸ್ಪೆಕ್ಷನ್ ಬಂಗಲೆಗಳಲ್ಲಿ ಇದನ್ನೇ ಮಾಡಿದ್ದರು. ಕಲ್ಲಿನ ಗೋಡೆ, ಮಂಗಳೂರು ಹೆಂಚು, ಸುತ್ತ ಆಳವಾದ ಜಗಲಿ. ಅಂಥ ಬಂಗಲೆಯ ಜಗಲಿಯಲ್ಲಿ ಏಪ್ರಿಲ್ ಮಧ್ಯಾಹ್ನ ಕೂತವರಿಗೆ ಯಾವ ಸಿದ್ಧಾಂತವೂ ಬೇಕಾಗುವುದಿಲ್ಲ.

ಇದೇ ಸರ್ಕಾರಕ್ಕೆ ಇನ್ನೊಂದು ಮುಖವೂ ಇತ್ತು, ಅರಮನೆಯ ಮುಖ. ಹೆನ್ರಿ ಇರ್ವಿನ್ ಕಟ್ಟಿದ ಮೈಸೂರು ಅರಮನೆಯ ಗುಮ್ಮಟ, ಕಮಾನುಗಳು ಸಂಸ್ಥಾನದ ಕಣ್ಣಿಗೆ ಅಂಟಿಕೊಂಡಿದ್ದವು. ದಿವಾನ್ ಮಿರ್ಜಾ ಇಸ್ಮಾಯಿಲರಿಗೆ ಅಂದದ ಹುಚ್ಚು. ಅಣೆಕಟ್ಟೆಯಂಥ ಗಂಭೀರ ವಸ್ತುವಿನ ಕಾಲಬುಡದಲ್ಲಿ ಬೃಂದಾವನದ ಕಾರಂಜಿಗಳನ್ನು ಕುಣಿಸಿದವರು ಅವರೇ. ಜನ ಕಟ್ಟೆ ನೋಡಲು ಹೋಗಿ ಕಾರಂಜಿ ನೋಡಿ ಬಂದರು, ಈಗಲೂ ಹಾಗೆಯೇ. ನಾಜಿಗಳ ಜರ್ಮನಿಯಿಂದ ಹೊರಬಿದ್ದಿದ್ದ ಯಹೂದಿ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರಿನ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಮಿರ್ಜಾ ಸಾಹೇಬರಿಗೆ ಮಂಟಪ, ಗುಮ್ಮಟಗಳ ಒಲವು. ಇವರಿಗೆ ಗಾಳಿ, ನೆರಳುಗಳ ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇವರ ಕಟ್ಟಡಗಳು ಇಂದಿಗೂ ತಣ್ಣಗಿವೆ. ಮುಂದೆ ಉಷ್ಣವಲಯದ ಮನೆ ಕಟ್ಟುವುದರ ಬಗ್ಗೆ ಇವರು ಬರೆದ ಪುಸ್ತಕ ಜಗತ್ತಿನ ಎಷ್ಟೋ ಕಾಲೇಜುಗಳಿಗೆ ಪಠ್ಯವಾಯಿತು. ನಮ್ಮ ಜಿಲ್ಲೆಯ ಮೇಸ್ತ್ರಿಗಳ ತನಕ ಅದರ ಒಂದು ಪುಟವೂ ಇಳಿಯಲಿಲ್ಲ.

ಈ ಪರಂಪರೆಯ ಮೇಲೆ ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. ಅದು ನೀರನ್ನು ಅರ್ಥಮಾಡಿಕೊಂಡಷ್ಟು ಮನೆಯನ್ನು ಅರ್ಥಮಾಡಿಕೊಳ್ಳಲಿಲ್ಲ. 1933ರಲ್ಲಿ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ ಮೈಷುಗರ್ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಕಬ್ಬಿನ ದುಡ್ಡು ಹಳ್ಳಿಗೆ ಹರಿಯಿತು. ದುಡ್ಡು ಬಂದವರು ಮೊದಲು ಮಾಡುವುದು ಮನೆ. ಆ ಮನೆ ಹೇಗಿರಬೇಕೆಂದು ಹೇಳಿಕೊಡಲು ಕೃಷಿ ಇಲಾಖೆಯ ಹಾಗೆ ಒಂದು ಇಲಾಖೆ ಇರಲಿಲ್ಲ. ಕಬ್ಬಿನ ತಳಿಗೆ ಪ್ರಯೋಗ ಕ್ಷೇತ್ರವಿತ್ತು, ಸೂರಿಗೆ ಇರಲಿಲ್ಲ.

ತೊಟ್ಟಿಮನೆಯ ಹಳಹಳಿಕೆ ಈಗ ಜೋರಾಗಿದೆ. ಹೆದ್ದಾರಿಯ ಹೋಟೆಲುಗಳೂ ಬಾಗಿಲಲ್ಲಿ ತೊಟ್ಟಿ ಕಟ್ಟುತ್ತಿವೆ. ನಡುವೆ ಆಕಾಶ, ಸುತ್ತ ಪಡಸಾಲೆ, ನಾಡಹೆಂಚಿನಡಿ ತಂಪು, ಎಲ್ಲ ನಿಜ. ಆದರೆ ತೊಟ್ಟಿಮನೆ ಊರಿನ ಎಲ್ಲರ ಮನೆಯಾಗಿರಲಿಲ್ಲ. ಅದು ಹೊಲವಿದ್ದವರ ಮನೆ. ಅದರ ಜಗಲಿಯಲ್ಲಿ ಯಾರು ಕೂರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದನ್ನು ಜಾತಿ ಅಳೆದಿಟ್ಟಿತ್ತು. ಅದೇ ಊರಿನ ಕೇರಿಯಲ್ಲಿ ಸೋಗೆಯ ಗುಡಿಸಲುಗಳಿದ್ದವು. ಮಳೆಗೆ ಸೋರುತ್ತಿದ್ದ ಆ ಗುಡಿಸಲಿನಿಂದ ಸರ್ಕಾರದ ಜನತಾ ಮನೆಗೆ, ಆಮೇಲೆ ಆಶ್ರಯ ಮನೆಗೆ ಬಂದವರಿಗೆ ಸಿಮೆಂಟಿನ ಆ ಪೆಟ್ಟಿಗೆ ಕೊಟ್ಟ ನೆಮ್ಮದಿಯನ್ನು ತೊಟ್ಟಿಯ ಚೆಲುವಿನಿಂದ ಅಳೆಯಬಾರದು. ಆರ್‌ಸಿಸಿ ಒಂದು ರೀತಿಯಲ್ಲಿ ಸಮಾನತೆ ತಂದಿತು. ಗೌಡರ ಮನೆಗೂ ಕೇರಿಯ ಮನೆಗೂ ಒಂದೇ ಬಗೆಯ ಮೋಲ್ಡು, ಒಂದೇ ಮೇಸ್ತ್ರಿ.

ಹಾಗೆಂದು ಅದರ ಬಿಸಿಯನ್ನು ಹೊಗಳಲಾದೀತೇ? ಗಿಡ್ಡ ಸಜ್ಜಾ, ಪಶ್ಚಿಮಕ್ಕೆ ದೊಡ್ಡ ಕಿಟಕಿ, ರಸ್ತೆಗೆ ಮಾತ್ರ ಅಂಟಿಸಿದ ‘ಎಲಿವೇಶನ್’. ಜಗಲಿ ಹೋಗಿ ಕಾರು ನಿಲ್ಲುವ ಜಾಗ ಬಂತು. ಮೇ ತಿಂಗಳ ರಾತ್ರಿ ಮನೆಮಂದಿಯೆಲ್ಲ ಚಾಪೆ ಹಿಡಿದು ತಾರಸಿ ಹತ್ತುತ್ತಾರೆ, ಲಕ್ಷಗಟ್ಟಲೆ ಖರ್ಚಾದದ್ದು ಕೆಳಗೆ. ಈ ಮನೆಗಳಲ್ಲಿ ನನಗೆ ಇಷ್ಟವಾಗುವುದು ಒಂದೇ: ಮುಂದೆ ಮಗ ಮಹಡಿ ಕಟ್ಟಿಕೊಳ್ಳಲಿ ಎಂದು ತಾರಸಿಯ ಮೇಲೆ ಬಿಟ್ಟ ಕಂಬಿಗಳು. ಬೆಂಗಳೂರಿನವರು ಅದನ್ನು ವಿಕಾರ ಅನ್ನುತ್ತಾರೆ. ಅದು ಲೆಕ್ಕಾಚಾರ. ಬೋರ್ಡಿನವರು ಒತ್ತಿಗೆ ಕೆಳಗೆ ಜಾಗ ಬಿಟ್ಟರೆ ಮೇಸ್ತ್ರಿ ಮೇಲೆ ಬಿಟ್ಟಿದ್ದಾನೆ, ಅಷ್ಟೇ.

ಬೇರೆ ದಾರಿ ಇರಲಿಲ್ಲವೆಂದಲ್ಲ. ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಮತ್ತು ಗೆಳೆಯರು ಕಟ್ಟಿದ ‘ಅಸ್ತ್ರ’ ಗುಂಪು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ ತನ್ನ ಕೇಂದ್ರ ಇಟ್ಟುಕೊಂಡಿತ್ತು, ಮದ್ದೂರಿಗೆ ಕೂಗಳತೆಯಲ್ಲದಿದ್ದರೂ ಬಸ್ಸಿನ ಅಳತೆಯಲ್ಲಿ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಮಣ್ಣಿಗೆ ಚೂರು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡಿ ತೋರಿಸಿದರು. ಅಗ್ಗ, ತಂಪು, ಸೌದೆ ಉಳಿತಾಯ. ಆ ಇಟ್ಟಿಗೆಯನ್ನು ಕೊನೆಗೆ ಮನಸಾರೆ ಕೊಂಡವರು ಬೆಂಗಳೂರಿನ ಪರಿಸರಪ್ರಿಯ ಉಳ್ಳವರು. ನಮ್ಮ ಹಳ್ಳಿಯವರಿಗೆ ಮಣ್ಣು ಅಂದರೆ ಬಿಟ್ಟು ಬಂದ ಬಡತನ. ಇದರಲ್ಲಿ ಹಳ್ಳಿಯವರ ತಪ್ಪನ್ನೇನೂ ನಾನು ಕಾಣೆ.

ವಿಧಾನಸೌಧದ ಬಗ್ಗೆ ಎರಡು ಮಾತು ಸಾಕು. ಕೆಂಗಲ್ ಹನುಮಂತಯ್ಯನವರ ಛಲ, ಬಿ.ಆರ್. ಮಾಣಿಕಂ ಅವರ ನಕ್ಷೆ, 1956ರಲ್ಲಿ ಮುಗಿದ ಆ ಗ್ರಾನೈಟ್ ಬೆಟ್ಟಕ್ಕೆ ಅದರದೇ ಘನತೆಯಿದೆ. ಸರ್ಕಾರದ ಕೆಲಸ ದೇವರ ಕೆಲಸ ಎಂದು ಹಣೆಯ ಮೇಲೆ ಬರೆಸಿಕೊಳ್ಳುವ ಧೈರ್ಯ ಬೇರೆ ಯಾವ ಕಟ್ಟಡಕ್ಕಿದೆ? ಕೆಡುಕಾದದ್ದು ಮರಿ ಹಾಕಿದ ಮೇಲೆ. ತಾಲ್ಲೂಕಿಗೊಂದು ‘ಮಿನಿ ವಿಧಾನಸೌಧ’ ಎಂದಾಗ ಕಲ್ಲು ಹೋಯಿತು, ಕಂಬ ಉಳಿಯಿತು. ಕಂಬದ ಹಿಂದೆ ಪಹಣಿಗಾಗಿ ಕಾಯುವ ರೈತರಿಗೆ ಕೂರಲು ಕಟ್ಟೆ ಇಲ್ಲ.

ಚಿಹ್ನೆಗಳ ವಿಷಯಕ್ಕೆ ಬಂದರೆ ಮದ್ದೂರಿಗೆ ಇನ್ನೊಂದು ಹಕ್ಕಿದೆ. 1938ರ ಏಪ್ರಿಲ್‌ನಲ್ಲಿ ಇಲ್ಲಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಡೆದ ಮೈಸೂರು ಕಾಂಗ್ರೆಸ್ ಅಧಿವೇಶನದ ಜಗಳ ಒಂದು ಬಟ್ಟೆಯ ಬಗ್ಗೆ: ತ್ರಿವರ್ಣವೋ, ಗಂಡಭೇರುಂಡವೋ? ಧ್ವಜ ಹಾರಿಸಿ ಜನ ಜೈಲಿಗೆ ಹೋದರು. ಆಮೇಲೆ ಪಟೇಲ್–ಮಿರ್ಜಾ ಒಪ್ಪಂದದಲ್ಲಿ ಎರಡನ್ನೂ ಒಟ್ಟಿಗೆ ಹಾರಿಸಬಹುದೆಂದಾಯಿತು. ಬಣ್ಣ ಮತ್ತು ಚಿತ್ರ ಬರೀ ಅಲಂಕಾರವಲ್ಲ ಎಂಬುದನ್ನು ಈ ಊರು ಬೇರೆಯವರಿಂದ ಕಲಿಯಬೇಕಿಲ್ಲ. ಸಂಸ್ಥಾನವೂ ಅದನ್ನು ಬಲ್ಲದಾಗಿತ್ತು. ಅದರ ಅತ್ಯುತ್ತಮ ವಿನ್ಯಾಸ ಯಾವುದೆಂದು ಕೇಳಿದರೆ ನಾನು ಅರಮನೆಗಿಂತ ಮೊದಲು ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ತೋರಿಸುತ್ತೇನೆ. ಒಡವೆಯ ಪೆಟ್ಟಿಗೆಯಂಥ ರಟ್ಟು, ಮೇಲೆ ಆನೆಯ ತಲೆ, ಸಿಂಹದ ಮೈಯ ಶರಭ. ನೂರು ವರ್ಷವಾದರೂ ದೂರದಿಂದ ಗುರುತು ಸಿಗುತ್ತದೆ.

ಆದರೆ ನಮ್ಮ ಸೀಮೆಯ ನಿಜವಾದ ಮುದ್ರಣ ಕಲೆ ನಾಟಕದ ಹ್ಯಾಂಡ್‌ಬಿಲ್. ಸುಗ್ಗಿ ಮುಗಿದ ಮೇಲೆ ಊರೂರಲ್ಲಿ ‘ಕುರುಕ್ಷೇತ್ರ’. ತೆಳು ಗುಲಾಬಿ, ಹಳದಿ ಇಲ್ಲವೇ ಹಸಿರು ಕಾಗದ, ಒಂದೇ ಬಣ್ಣದ ಶಾಯಿ. ನೆತ್ತಿಯಲ್ಲಿ ಊರದೇವರ ಪ್ರಸನ್ನ. ಅದರ ಕೆಳಗೆ ಪ್ರೆಸ್ಸಿನಲ್ಲಿರುವ ಅತಿ ದಪ್ಪ ಅಚ್ಚುಮೊಳೆಯಲ್ಲಿ ನಾಟಕದ ಹೆಸರು, ‘ಕ್ಷೇ’ಯ ಒತ್ತಿಗೆ ಕೆಳಸಾಲು ತಾನೇ ಸರಿದು ನಿಂತಿದೆ. ಆಮೇಲೆ ಎರಡು ಕಾಲಂ: ಎಡಕ್ಕೆ ದುರ್ಯೋಧನ, ಬಲಕ್ಕೆ ಅದೇ ಊರಿನ ಒಬ್ಬ ರೈತನ ಹೆಸರು, ನಡುವೆ ಚುಕ್ಕಿಗಳ ಸಾಲು. ಕಬ್ಬು ಕಡಿಯುವ ಕೈಯಿಂದ ಗದೆಯವರೆಗೆ ಆ ಚುಕ್ಕಿಗಳೇ ಸೇತುವೆ. ಬುಡದಲ್ಲಿ ಹಾರ್ಮೋನಿಯಂ ಮಾಸ್ಟರು, ಸೀನರಿಯವರು, ‘ಸರ್ವರಿಗೂ ಸ್ವಾಗತ’. ಪ್ರೆಸ್ಸಿನವರ ಹತ್ತಿರ ನಾಲ್ಕೈದು ಅಳತೆಯ ಮೊಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಬಡತನವೇ ಶಿಸ್ತಾಯಿತು. ದಪ್ಪ ಯಾವುದಕ್ಕೆ, ಸಣ್ಣ ಯಾವುದಕ್ಕೆ ಎಂದು ಮೊದಲೇ ತೀರ್ಮಾನಿಸಬೇಕಿತ್ತು.

ನಾಟಕದ ರಂಗದ ಮೇಲೆ ಇಳಿಯುವ ಅರಮನೆ ಪರದೆಯನ್ನು ಗಮನಿಸಿ. ಅದರ ಕಮಾನು, ಗುಮ್ಮಟಗಳು ಹಸ್ತಿನಾವತಿಯವಲ್ಲ, ಮೈಸೂರಿನವು. ನಮ್ಮ ಹಳ್ಳಿಗಳ ಹಳೆಯ ಮಾಳಿಗೆಮನೆಗಳ ಹಣೆಯ ಮೇಲೆ ಗಾರೆಯಲ್ಲಿ ಮೂಡಿದ ಸಿಂಹ, ಕಮಾನುಗಳು ಅರಮನೆಯಿಂದ ನೇರವಾಗಿ ಬಂದಿರಲಾರವು. ಈ ಪರದೆಯ ದಾರಿಯಲ್ಲೇ ಬಂದಿರಬೇಕು ಎಂಬುದು ನನ್ನ ಅನಿಸಿಕೆ. ಮೇಸ್ತ್ರಿಗಳೂ ರಾತ್ರಿಯಿಡೀ ನಾಟಕ ನೋಡಿದವರೇ ತಾನೆ.

ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಮುಂತಾದವರು ಕನ್ನಡದ ಪತ್ರಿಕೆ, ಪುಸ್ತಕಗಳಿಗೆ ಕೊಟ್ಟ ಮುಖದ ಬಗ್ಗೆ ಬರೆಯುವವರಿದ್ದಾರೆ, ಬರೆಯಲಿ. ಹ್ಯಾಂಡ್‌ಬಿಲ್ ಜೋಡಿಸಿದವರ ಹೆಸರು ಮಾತ್ರ ಎಲ್ಲೂ ಇಲ್ಲ. ಗೋಡೆ ಬರೆದವರು ಮೂಲೆಯಲ್ಲಿ ‘ಆರ್ಟ್ಸ್’ ಎಂದಾದರೂ ಸಹಿ ಹಾಕುತ್ತಿದ್ದರು. ಈಗ ಇಬ್ಬರ ಜಾಗದಲ್ಲೂ ಫ್ಲೆಕ್ಸ್. ಅದರಲ್ಲಿ ಪಾತ್ರಧಾರಿಗಿಂತ ಶುಭ ಕೋರುವವರ ಮುಖ ದೊಡ್ಡದು. ಜಾಗ ಸಾಲದಿದ್ದರೆ ಅಕ್ಷರವನ್ನು ಅಡ್ಡಕ್ಕೆ ಅಮುಕುತ್ತಾರೆ. ಮದ್ದೂರಿನ ದ-ಒತ್ತು ಕೆಳಗಿನ ಇಂಗ್ಲಿಷ್ ಸಾಲಿಗೆ ಸಿಕ್ಕಿ ಅರ್ಧ ಮುಚ್ಚಿಹೋಗುತ್ತದೆ. ತಂತ್ರಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಕಂಪ್ಯೂಟರಿನಲ್ಲೂ ನಾಲ್ಕು ಬೆರಳು ಜಾಗ ಬಿಡಬಹುದು. ಬಿಡಬೇಕು ಎಂದು ಹೇಳುವವರಿಲ್ಲ. 2023ರಲ್ಲಿ ಹೊಸ ಹೆದ್ದಾರಿ ಮದ್ದೂರನ್ನು ಬಳಸಿ ಹೋದ ಮೇಲಂತೂ ದಾರಿಹೋಕರ ಕಣ್ಣಿಗೆಂದು ಬರೆದಿದ್ದ ಹಳೇ ರಸ್ತೆಯ ಬೋರ್ಡುಗಳನ್ನು ಓದುವವರು ಕಡಿಮೆ.

ಕನ್ನಂಬಾಡಿಯನ್ನು ಕಾಪಾಡಲು ಸರ್ಕಾರವಿದೆ. ಕಾಗದಕ್ಕೆ ಯಾರೂ ಇಲ್ಲ. ಅದಕ್ಕೇ ಒಂದು ಕೋರಿಕೆ: ನಿಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ ತಾತನೋ ದೊಡ್ಡಪ್ಪನೋ ಭೀಮನಾಗಿದ್ದ ನಾಟಕದ ಹ್ಯಾಂಡ್‌ಬಿಲ್ ಇದ್ದರೆ ರದ್ದಿಗೆ ಹಾಕಬೇಡಿ. ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಇಸವಿ ಬರೆದಿಡಿ. ಅವುಗಳಲ್ಲಿ ತಾರೀಕು, ವಾರ, ರಾತ್ರಿ ಎಷ್ಟು ಗಂಟೆಗೆ ಎಂಬುದೆಲ್ಲ ಇರುತ್ತದೆ. ಇಸವಿ ಎಷ್ಟೋ ಸಲ ಇರುವುದಿಲ್ಲ.