ಭಾರವೇ ಮೈಯಾದ ಹುಳು

ಟ್ರೌಟ್ ಮೀನಿಗಾಗಿ ಕಟ್ಟುವ ನಕಲಿ ಹುಳುಗಳಲ್ಲಿ ಫ್ರಾಂಕ್ ಸಾಯರ್ ಅವರ ‘ಫೆಸೆಂಟ್ ಟೇಲ್ ನಿಂಫ್’ನಷ್ಟು ಬಡ ಸಾಮಗ್ರಿಯದು ಇನ್ನೊಂದು ಸಿಗುವುದು ಕಷ್ಟ. ಒಂದು ಗಾಳ, ಕೂದಲೆಳೆಯಂಥ ತಾಮ್ರದ ತಂತಿ, ಫೆಸೆಂಟ್ ಹುಂಜದ ಬಾಲದ ಗರಿಯಿಂದ ಕಿತ್ತ ನಾಲ್ಕು ಎಳೆ. ದಾರ ಕೂಡ ಬೇಡ. ನಿಂಫ್ ಎಂದರೆ ರೆಕ್ಕೆ ಬರುವ ಮೊದಲು ನೀರಿನೊಳಗಿರುವ ಮರಿಹುಳು.

ಸಾಯರ್ ಇಂಗ್ಲೆಂಡಿನ ವಿಲ್ಟ್‌ಷೈರಿನಲ್ಲಿ ಏವನ್ ಹೊಳೆ ಕಾಯುತ್ತಿದ್ದವರು. ಆ ಸೀಮೆಯ ತಿಳಿನೀರಿನ ಹೊಳೆಗಳಲ್ಲಿ ಗಾಳ ಹಾಕುವುದಕ್ಕೂ ಮಡಿ-ಮೈಲಿಗೆಯಿತ್ತು. 1880ರ ದಶಕದಲ್ಲಿ ಫ್ರೆಡರಿಕ್ ಹಾಲ್‌ಫರ್ಡ್ ಬರೆದ ಪುಸ್ತಕಗಳ ನಂತರ ನೀರಿನ ಮೇಲೆ ತೇಲುವ ನಕಲಿ ನೊಣವೊಂದೇ ಮರ್ಯಾದಸ್ಥರದು ಎಂದಾಯಿತು. ವಕೀಲ ಜಿ.ಇ.ಎಂ. ಸ್ಕ್ಯೂಸ್ 1910ರಲ್ಲಿ ಪುಸ್ತಕ ಬರೆದೇ, ಮುಳುಗುವ ಹುಳುವೂ ಸರಿಯೆಂದು ತಕರಾರು ತೆಗೆದರು. 1938ರಲ್ಲೂ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ಇದರ ಮೇಲೆ ವಾದ ನಡೆದಿತ್ತು. ಟ್ರೌಟ್ ಹೊಟ್ಟೆ ತುಂಬಿಸಿಕೊಳ್ಳುವುದು ಬಹುಪಾಲು ನೀರಿನೊಳಗೇ. ಮೀನಿಗಿಲ್ಲದ ಮಡಿ ಇವರಿಗೇಕೆ ಬೇಕಿತ್ತೋ!

ಸಾಯರ್ ಕೈಚಳಕವಿರುವುದು ಆ ತಂತಿಯಲ್ಲಿ. ಗರಿಯೆಳೆಗಳನ್ನು ಬಿಗಿಯುವುದು ಅದೇ, ಹುಳುವನ್ನು ಮುಳುಗಿಸುವುದೂ ಅದೇ. ಎದೆಯ ಜಾಗದಲ್ಲಿ ತಂತಿಯನ್ನು ಕೆಲವು ಸುತ್ತು ಹೆಚ್ಚಿಗೆ ಸುತ್ತಿ, ಅದರ ಮೇಲೆ ಎಳೆಗಳನ್ನು ಹಿಂದೆ ಮುಂದೆ ಮಡಚಿದರೆ ರೆಕ್ಕೆ ಒಡೆಯಲಿರುವ ಮರಿಯ ಗೂನು ಬಂದೇಬಿಟ್ಟಿತು. ಕಾಲುಗಳಿಲ್ಲ. ಈಜುವ ಮರಿ ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ ಎಂಬುದನ್ನು ಅವರು ಹೊಳೆಯಲ್ಲೇ ಕಂಡಿದ್ದರು. ಅವರ ನೆರೆಯವರೇ ಆದ ಆಲಿವರ್ ಕೈಟ್ ಗರಿಯನ್ನೂ ಬಿಟ್ಟು, ಬರೀ ತಂತಿ ಸುತ್ತಿದ ಗಾಳದಲ್ಲೇ ಟ್ರೌಟ್ ಹಿಡಿದು ತೋರಿಸಿದರು. ಗುಟ್ಟು ಹುಳುವಿನ ಚಲನೆಯಲ್ಲಿದೆ: ಅದು ಮೀನಿನ ಮುಂದೆ ಬರುವ ಹೊತ್ತಿಗೆ ಕೋಲಿನ ತುದಿ ತುಸು ಎತ್ತಿದರೆ ಮೇಲೇಳುತ್ತದೆ, ಮೀನು ಬಾಯಿ ಹಾಕುತ್ತದೆ. ಇಂದು ಅಂಗಡಿಯಲ್ಲಿ ಮಾರುವ ‘ಫೆಸೆಂಟ್ ಟೇಲ್’ಗಳಿಗೆ ಕಾಲು, ಮಿಂಚು, ಹೊಳೆಯುವ ತಲೆ ಎಲ್ಲವೂ ಇವೆ. ಅವು ಗಿರಾಕಿಯ ಕಣ್ಣಿಗೆ ಹಾಕಿದ ಗಾಳ.

ಹಾಗೆಂದು ಸಾಯರ್ ನಿಂಫ್ ಎಲ್ಲ ಕಡೆಗೂ ಸಲ್ಲುವುದಿಲ್ಲ. ರಭಸದ ನೀರಿನಲ್ಲಿ ಅದು ತಳ ಮುಟ್ಟುವ ಮೊದಲೇ ಕೊಚ್ಚಿಹೋಗುತ್ತದೆ. ಪೋಲೆಂಡ್, ಚೆಕ್ ಸೀಮೆಯವರು ಭಾರದ ನಿಂಫ್‌ಗಳನ್ನು ಗಿಡ್ಡ ದಾರದಲ್ಲಿ, ಕೋಲಿನಡಿಯಲ್ಲೇ ಹರಿಯಬಿಟ್ಟು ಇದಕ್ಕೆ ದಾರಿ ಕಂಡುಕೊಂಡರು. ಟಂಗ್‌ಸ್ಟನ್ ಮಣಿ ಬಂದ ಮೇಲೆ ಹುಳುವನ್ನು ಮುಳುಗಿಸುವ ಕೆಲಸ ಇನ್ನೂ ಸುಲಭವಾಯಿತು. ಅದರ ಸಾಂದ್ರತೆ ತಾಮ್ರದ ಎರಡು ಪಟ್ಟಿಗೂ ಮಿಕ್ಕಿದ್ದು. ಹೀಗೆ ಮೀನು ಹಿಡಿಯುವುದು ಫ್ಲೈ ಫಿಶಿಂಗೇ ಅಲ್ಲ ಎಂದು ಮೂಗು ಮುರಿಯುವವರು ಹಾಲ್‌ಫರ್ಡ್ ಪಂಥದ ಹಳೆಯ ಮಡಿಯನ್ನೇ ಉಟ್ಟುಕೊಂಡವರು. ಬೆರಳ ತುದಿಯಲ್ಲೇ ಕಚ್ಚು ತಿಳಿಯಬೇಕಾದ ಈ ವಿದ್ಯೆ ಸುಲಭದ್ದಲ್ಲ.

ನನ್ನ ಆಕ್ಷೇಪ ಬೇರೆ. ಮೊಣಕಾಲುದ್ದದ ನಿಧಾನ ನೀರಿಗೂ ಕೆಲವರು ಅದೇ ಮಣಿ ಹಾಕಿದ ಹುಳುವನ್ನು ಎಸೆಯುತ್ತಾರೆ. ಬಿದ್ದ ಸದ್ದಿಗೆ ಮೀನು ಬೆದರುತ್ತದೆ, ಗಾಳ ತಳದ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅಂಥ ನೀರಿನಲ್ಲಿ ಸಾಯರ್ ಕಟ್ಟಿದ್ದನ್ನು ಮೀರಿಸುವ ನಿಂಫ್ ಇನ್ನೂ ಬಂದಿಲ್ಲ. ಕಟ್ಟಲು ಕಲಿಯುವವರು ಮಣಿಯ ಡಬ್ಬಿ ಕೊಳ್ಳುವ ಮೊದಲು ಅವರ 1958ರ ‘ನಿಂಫ್ಸ್ ಅಂಡ್ ದಿ ಟ್ರೌಟ್’ ಓದಿ, ಒಂದು ಸುರುಳಿ ತಾಮ್ರದ ತಂತಿ ತರಿಸಿಕೊಳ್ಳಲಿ.