ಡಿಕ್ಕಿಯೊಳಗಿನ ಬಡಗಿತನ

ಜೀಪಿನ ಹಿಂಬದಿಗೆ ತಾವೇ ಮರದ ಡ್ರಾಯರ್ ಮಾಡಿ ಕೂರಿಸಿಕೊಳ್ಳುವ ಹವ್ಯಾಸ ಈಗ ನಮ್ಮಲ್ಲೂ ಬೇರುಬಿಟ್ಟಿದೆ. ಥಾರ್, ಜಿಮ್ನಿ, ಗೂರ್ಖಾ, ಬೊಲೆರೊ, ಗಾಡಿ ಯಾವುದೇ ಇರಲಿ, ಸ್ಪಿತಿಗೋ ಲಡಾಖಿಗೋ ಹೊರಡುವವರು ಟೈರು ನೋಡಿಕೊಂಡ ಮೇಲೆ ಹೋಗುವುದು ಪ್ಲೈವುಡ್ ಅಂಗಡಿಗೆ. ಕೆಲಸ ಮುಗಿದ ಮೇಲೆ ಡಿಕ್ಕಿ ತೆರೆದು ತೋರಿಸಿದರೆ ನೋಡಿದವರೆಲ್ಲ ಭೇಷ್ ಅನ್ನುತ್ತಾರೆ. ಸ್ವಂತ ಕೈಯಿಂದ ಮಾಡಿದ್ದು ಅನ್ನುವ ಒಂದೇ ಕಾರಣಕ್ಕೆ ಮೆಚ್ಚುಗೆ ಸಿಕ್ಕಿಬಿಡುತ್ತದೆ. ಅದು ಚೆನ್ನಾಗಿದೆಯೇ, ಗಾಡಿಗೆ ಒಗ್ಗುತ್ತದೆಯೇ ಎಂದು ಅಳೆದು ನೋಡುವವರು ಕಡಿಮೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹವ್ಯಾಸ ಒಳ್ಳೆಯದು, ಬೆಳೆಯಬೇಕಾದದ್ದು. ಆದರೆ ನಾನು ನೋಡಿದ ಡ್ರಾಯರ್‌ಗಳಲ್ಲಿ ಬಹುಪಾಲು ಮನೆಯ ವಾರ್ಡ್‌ರೋಬಿನ ಲೆಕ್ಕದಲ್ಲೇ ತಯಾರಾದವು. ಗೋಡೆಗೆ ಒರಗಿ ನಿಂತಲ್ಲೇ ನಿಲ್ಲುವ ಕಪಾಟಿಗೂ, ಹಗಲಿಡೀ ಕುಲುಕುತ್ತ ಓಡುವ ಗಾಡಿಯ ಗೂಡಿಗೂ ನಿಯಮ ಒಂದೇ ಆಗಲಾರದು. ಗಾಡಿಯೊಳಗೆ ಕೂತ ಮೇಲೆ ಡ್ರಾಯರ್ ಗಾಡಿಯದೇ ಒಂದು ಅಂಗ. ತೂಕ, ಬಿಗಿತ, ಸುಲಭವಾಗಿ ಕೈಗೆ ಸಿಗುವ ಗುಣ, ಈ ಮೂರನ್ನು ಇಟ್ಟುಕೊಂಡೇ ಅದನ್ನು ತೂಗಬೇಕು. ಅಂದಚಂದ ಆಮೇಲಿನ ಮಾತು.

ಈ ಪದ್ಧತಿ ಹದಗೊಂಡದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಕ್ಯಾನಿಂಗ್ ಸ್ಟಾಕ್ ರೂಟ್ ಸುಮಾರು 1,850 ಕಿ.ಮೀ. ಉದ್ದದ ಮರುಭೂಮಿಯ ದಾರಿ. ಕಳೆದ ಶತಮಾನದ ಆರಂಭದಲ್ಲಿ ದನಗಳನ್ನು ಹೊಡೆದುಕೊಂಡು ಹೋಗಲೆಂದು, ಅಲ್ಲಲ್ಲಿ ಬಾವಿ ತೋಡಿ ಮಾಡಿದ್ದು. ಕಿಂಬರ್ಲಿ ಪ್ರದೇಶದ ಗಿಬ್ ರಿವರ್ ರಸ್ತೆ ಸುಮಾರು 660 ಕಿ.ಮೀ. ಅದರ ಬಹುಭಾಗ ಡಾಂಬರಿಲ್ಲದ, ಅಡ್ಡಡ್ಡ ಅಲೆಯೆದ್ದ ಮಣ್ಣಿನ ದಾರಿ. ಇಂಥ ಕಡೆ ನೀರು, ಇಂಧನ, ಆಹಾರ, ಹತಾರ ಎಲ್ಲವನ್ನೂ ಗಾಡಿಯಲ್ಲೇ ಹೊರಬೇಕು. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ತಳದಲ್ಲಿರುವ ಸ್ಪ್ಯಾನರಿಗಾಗಿ ಅರ್ಧ ಸಂಸಾರವನ್ನು ಮರಳಿಗೆ ಇಳಿಸಬೇಕಾಗುತ್ತದೆ. ಎರಡು ಉದ್ದನೆಯ ಡ್ರಾಯರ್, ಒಂದರ ನೆತ್ತಿಯ ಮೇಲೆ ಎಳೆದರೆ ಹೊರಬರುವ ಫ್ರಿಜ್ಜು, ಚಕ್ರದ ಉಬ್ಬಿನ ಪಕ್ಕದ ಸಂದಿಗೆ ಚಿಕ್ಕ ಮುಚ್ಚಳ: ಇಂದು ಎಲ್ಲೆಡೆ ಕಾಣುವ ಈ ವಿನ್ಯಾಸ ಆ ಅಗತ್ಯದಿಂದಲೇ ರೂಪುಗೊಂಡಿತು. ನಮ್ಮಲ್ಲೂ ಕಾರಣವಿಲ್ಲದಿಲ್ಲ. ಬೆಂಗಳೂರಿನಿಂದ ಸ್ಪಿತಿಗೆ ಹೋಗಿ ಬರುವುದೆಂದರೆ ಐದು ಸಾವಿರ ಕಿ.ಮೀ. ಮೀರಿದ ಮಾತು. ಅಷ್ಟು ದಿನ ಗಾಡಿಯೇ ಮನೆ, ಗಾಡಿಯೇ ಅಡುಗೆಕೋಣೆ.

ಮೊದಲು ತೂಕ. ನಮ್ಮ ಹೆಚ್ಚಿನ ಡ್ರಾಯರ್‌ಗಳು ಸೋಲುವುದು ಇಲ್ಲೇ. ಮನೆಗೆಲಸದ ಬಡಗಿಗಳಿಗೆ 18 ಮಿ.ಮೀ. ಪ್ಲೈವುಡ್ ರೂಢಿಯ ದಪ್ಪ. ಎಂಟು ಅಡಿ, ನಾಲ್ಕು ಅಡಿಯ ಅಂಥ ಒಂದು ಹಾಳೆ ಸುಮಾರು 35 ಕೆ.ಜಿ. ತೂಗುತ್ತದೆ, ಅದೇ 12 ಮಿ.ಮೀ. ಆದರೆ 23 ಕೆ.ಜಿ. ಒಂದು ಮೀಟರ್ ಅಗಲ, 90 ಸೆಂ.ಮೀ. ಉದ್ದ, 30 ಸೆಂ.ಮೀ. ಎತ್ತರದ ಜೋಡಿ ಡ್ರಾಯರ್ ಗೂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎಲ್ಲವೂ 18 ಮಿ.ಮೀ. ಹಲಗೆಯಾದರೆ ಮರವೇ 55 ಕೆ.ಜಿ. ದಾಟುತ್ತದೆ. ಒಳಗೂ ಹೊರಗೂ ಮೈಕಾ ಅಂಟಿಸಿದರೆ ಇನ್ನೊಂದು ಹನ್ನೆರಡು ಹದಿಮೂರು ಕೆ.ಜಿ. ಚಾನೆಲ್, ಹಿಡಿಕೆ, ಬೀಗ ಸೇರಿ 70 ದಾಟುವುದು ಖಚಿತ. ಇದೇ ಗೂಡಿನ ಹೊರಚೌಕಟ್ಟಿಗೆ 12 ಮಿ.ಮೀ., ಡ್ರಾಯರ್‌ನ ಪಕ್ಕಗಳಿಗೆ 9 ಮಿ.ಮೀ., ತಳಕ್ಕೆ 6 ಮಿ.ಮೀ. ಹಾಕಿ, ಗೂಡಿನ ಕೆಳಹಲಗೆ ಬಿಟ್ಟು, ಮೈಕಾದ ಬದಲು ವಾರ್ನಿಷ್ ಹೊಡೆದರೆ ಮರದ ತೂಕ 25 ಕೆ.ಜಿ.ಯ ಆಸುಪಾಸಿಗೆ ಇಳಿಯುತ್ತದೆ.

ನಲವತ್ತು ಕೆ.ಜಿ.ಯ ಈ ಅಂತರ ಚಿಕ್ಕದೆಂದು ತೋರಬಹುದು. ಐದು ಬಾಗಿಲಿನ ಜಿಮ್ನಿಯ ಲೆಕ್ಕ ನೋಡಿ. ಖಾಲಿ ಗಾಡಿ ಸುಮಾರು 1,200 ಕೆ.ಜಿ., ಎಲ್ಲ ತುಂಬಿ ಮೀರಬಾರದ ಒಟ್ಟು ತೂಕ 1,545 ಕೆ.ಜಿ. ಇಬ್ಬರು ಕೂತ ಮೇಲೆ ಉಳಿಯುವುದು ಇನ್ನೂರು ಚಿಲ್ಲರೆ. ಅದರಲ್ಲಿ ದಪ್ಪ ಹಲಗೆಯ ಗೂಡು ಮೂರನೇ ಒಂದು ಪಾಲು ನುಂಗುತ್ತದೆ. ತೆಳು ಹಲಗೆಯದು ಎಂಟರಲ್ಲೊಂದು ಪಾಲು. ಒಂದು ಚಮಚವನ್ನೂ ಇನ್ನೂ ಇಟ್ಟಿಲ್ಲ ಎನ್ನುವುದು ನೆನಪಿರಲಿ. 20 ಲೀಟರಿನ ಎರಡು ಕ್ಯಾನ್ ನೀರೇ 40 ಕೆ.ಜಿ. ಜೊತೆಗೆ ಈ ಭಾರ ಬೀಳುವುದೆಲ್ಲ ಹಿಂದಿನ ಆ್ಯಕ್ಸಲ್ಲಿನ ಮೇಲೆ, ಕೆಲವು ಗಾಡಿಗಳಲ್ಲಿ ಅದಕ್ಕೂ ಹಿಂದೆ. ಹಿಂಬದಿ ತಗ್ಗಿದಷ್ಟೂ ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ಹಗುರಾದಂತೆ ಅನ್ನಿಸಿದರೆ ಅದರ ಮೂಲ ಡಿಕ್ಕಿಯಲ್ಲಿದ್ದೀತು.

ರಾತ್ರಿ ಗೂಡಿನ ಮೇಲೆಯೇ ಮಲಗಿದರೆ ತೆಳು ಹಲಗೆ ಬಾಗುವುದಿಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 18 ಮಿ.ಮೀ. ಹಲಗೆ 12 ಮಿ.ಮೀ.ನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಬಿರುಸು. ಆದರೆ ಹಲಗೆಯ ನಡುವೆ ಒಂದು ಆಸರೆ ಕೊಟ್ಟು ಆಧಾರದಿಂದ ಆಧಾರಕ್ಕಿರುವ ದೂರವನ್ನು ಅರ್ಧ ಮಾಡಿದರೆ, ಹರಡಿ ಬೀಳುವ ಭಾರಕ್ಕೆ ಬಾಗುವಿಕೆ ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ. ಜೋಡಿ ಡ್ರಾಯರ್ ಗೂಡಿನಲ್ಲಿ ನಡುಗೋಡೆ ಹೇಗೂ ಇರುತ್ತದೆ. ದಪ್ಪ ಹೆಚ್ಚಿಸುವುದಕ್ಕಿಂತ ಆಸರೆಯ ಜಾಗ ಯೋಚಿಸುವುದು ಜಾಣತನ. ಮರದ ಖರ್ಚಿಲ್ಲದೆ ಬಲ ಬರುವುದು ಇಂಥ ವಿನ್ಯಾಸದಿಂದ.

ಅಂಗಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು ಬೇಕೆಂದರೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಕೊಡುತ್ತಾರೆ. 72 ಗಂಟೆ ಕುದಿಯುವ ನೀರಿನ ಪರೀಕ್ಷೆ ಗೆದ್ದ ಹಲಗೆ ಅದು. ಅದರ ಗುಣದ ಬಗ್ಗೆ ತಕರಾರಿಲ್ಲ. ಆದರೆ ಗಟ್ಟಿಮರದ ಪದರಗಳಿಂದಾಗಿ ಭಾರ ಜಾಸ್ತಿ, ಮತ್ತು ಡಿಕ್ಕಿಯೊಳಗಿನ ಡ್ರಾಯರ್‌ಗೆ ಅಷ್ಟು ನೀರಿನ ಭಯವೂ ಇಲ್ಲ. ಹಲಗೆಯ ಮುಖಕ್ಕಿಂತ ಕೊಯ್ದ ಅಂಚು ಹೆಚ್ಚು ನೀರು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಡ್ರಾಯರ್ ಬಿಗಿದು ಕೂರುವುದು ಅಂಚು ಉಬ್ಬಿದ್ದರಿಂದ. ಹಲಗೆಗೆ ದುಬಾರಿ ಹಣ ಕೊಟ್ಟು ಅಂಚನ್ನು ಹಸಿಯಾಗಿ ಬಿಡುವವರೇ ಹೆಚ್ಚು. ಸಾಧಾರಣ ಹಲಗೆಯಾದರೂ ಪ್ರತಿ ಅಂಚಿಗೂ, ಪ್ರತಿ ತೂತಿಗೂ ಎರಡು ಮೂರು ಸಲ ವಾರ್ನಿಷ್ ಕುಡಿಸಿದ ಗೂಡು ಹೆಚ್ಚು ಕಾಲ ಬಾಳುತ್ತದೆ.

ಎರಡನೆಯದು ಬಿಗಿತ, ಅದರಲ್ಲಿ ಮೊದಲು ಜೋಡಣೆ. ವಾರ್ಡ್‌ರೋಬ್ ಮಾಡುವಾಗ ಪ್ಲೈವುಡ್ಡಿನ ಅಂಚಿಗೆ ನೇರ ಸ್ಕ್ರೂ ಹೊಡೆದರೂ ನಡೆಯುತ್ತದೆ. ಗಾಡಿಯಲ್ಲಿ ನಡೆಯದು. ಅಂಚಿನಲ್ಲಿ ಇಳಿದ ಸ್ಕ್ರೂ ಪದರಗಳ ನಡುವೆ ಹೋಗಿ ಅವನ್ನು ಸೀಳುತ್ತದೆ. ದಿನಗಟ್ಟಲೆ ಕುಲುಕಾಟದಲ್ಲಿ ತೂತು ಸವೆದು ಸ್ಕ್ರೂ ತಾನೇ ಹೊರಬರುತ್ತದೆ. ಒಂದು ಹಲಗೆಯಲ್ಲಿ ದಪ್ಪದ ಮೂರನೇ ಒಂದು ಪಾಲು ಆಳಕ್ಕೆ ತೋಡು ತೆಗೆದು ಇನ್ನೊಂದನ್ನು ಅದರೊಳಗೆ ಕೂರಿಸಿ, ನೀರು ತಡೆಯುವ ಅಂಟು ಹಾಕಿದರೆ ಭಾರವನ್ನು ಮರವೇ ಹೊರುತ್ತದೆ. ಸ್ಕ್ರೂವಿನ ಕೆಲಸ ಅಂಟು ಒಣಗುವವರೆಗೆ ಹಿಡಿದಿಡುವುದಷ್ಟೆ. ಇದಕ್ಕೆ ಬೇಕಾದ ಯಂತ್ರ ಇಲ್ಲದವರು ಮೂಲೆಗಳಿಗೆ ಅಲ್ಯೂಮಿನಿಯಂ ಎಲ್ ಪಟ್ಟಿ ಕೊಟ್ಟು, ಹಲಗೆಯ ಆಚೆಯಿಂದ ಈಚೆಗೆ ಬೋಲ್ಟು ಹಾಯಿಸಿ, ನೈಲಾನ್ ಉಂಗುರವಿರುವ ನಟ್ಟಿನಿಂದ ಬಿಗಿಯಬಹುದು. ನೋಡಲು ಒರಟು, ಆದರೆ ಕಂಪನಕ್ಕೆ ಜಗ್ಗುವುದಿಲ್ಲ, ಬೇಕೆಂದಾಗ ಬಿಚ್ಚಲೂ ಬರುತ್ತದೆ.

ಡ್ರಾಯರ್ ಜಾರುವ ಬಗೆಯಲ್ಲೂ ಅಡುಗೆಮನೆಯ ಅಭ್ಯಾಸ ಕಾಣುತ್ತದೆ. ಗುಂಡುಗಳ ಮೇಲೆ ಓಡುವ ಟೆಲಿಸ್ಕೋಪಿಕ್ ಚಾನೆಲ್ ಕೈಗೆ ಹಿತ, ಪೂರ್ತಿ ಹೊರಗೆ ಬರುತ್ತದೆ. ಆದರೆ ಮಾಮೂಲಿ ಜೊತೆಗೆ ಹೊರುವ ಮಿತಿ 45 ಕೆ.ಜಿ.ಯಷ್ಟು, ಅದೂ ನಿಂತ ಜಾಗದ ಲೆಕ್ಕ. ಎರಡೂ ಬದಿ ಕೂದಲೆಳೆಯಷ್ಟು ಓರೆಯಾದರೂ ಸಿಕ್ಕಿಕೊಳ್ಳುತ್ತದೆ. ಚಿತ್ರದುರ್ಗ, ಬಳ್ಳಾರಿಯ ಕಡೆಯ ನುಣುಪು ಕೆಂದೂಳು ಗುಂಡುಗಳ ನಡುವಿನ ಗ್ರೀಸಿಗೆ ಅಂಟಿಕೊಂಡಿತೆಂದರೆ ಆ ಹಿತವೂ ಹೋಯಿತು. ಇದಕ್ಕೆ ಕೈಯಿಂದ ಮಾಡುವವರು ಕಂಡುಕೊಂಡ ಎರಡು ಪರಿಹಾರಗಳು ನನಗೆ ತುಂಬಾ ಮೆಚ್ಚುಗೆಯಾದವು. ಸ್ಕೇಟ್‌ಬೋರ್ಡ್ ಚಕ್ರಕ್ಕೆ ಹಾಕುವ 22 ಮಿ.ಮೀ. ಹೊರವ್ಯಾಸದ 608 ಬೇರಿಂಗುಗಳನ್ನು ಗೂಡಿನ ಗೋಡೆಗೆ ಸಾಲಾಗಿ ಕೂರಿಸಿ ಡ್ರಾಯರನ್ನು ಅವುಗಳ ಮೇಲೆ ಓಡಿಸುವುದು ಒಂದು. ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆಯನ್ನು ಪಟ್ಟಿಪಟ್ಟಿಯಾಗಿ ಕೊಯ್ದು ತಳಕ್ಕೆ ಹೊಡೆದು, ಅದರ ಮೇಲೆ ಡ್ರಾಯರ್ ಜಾರಿಸುವುದು ಇನ್ನೊಂದು. ಎರಡನೆಯದರಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಕೆಡುವುದಕ್ಕೂ ಏನಿಲ್ಲ. ದೂಳನ್ನು ಬಟ್ಟೆಯಲ್ಲಿ ಒರೆಸಿದರಾಯಿತು. ಡ್ರಾಯರ್ ಪೂರ್ತಿ ಹೊರಬರದು, ಮೂರನೇ ಒಂದು ಪಾಲು ಒಳಗೇ ಉಳಿಯಬೇಕು ಎಂಬುದೊಂದೇ ಕೊರತೆ. ಕಚ್ಚಾ ರಸ್ತೆಗೆ ಇದೇ ಸರಿ ಎಂಬುದು ನನ್ನ ತೀರ್ಮಾನ. ಜೊತೆಗೆ ಗಟ್ಟಿಯಾದ ಚಿಲಕ ಇರಲೇಬೇಕು. ಕಡಿದಾದ ಏರಿನಲ್ಲಿ ತುಂಬಿದ ಡ್ರಾಯರ್ ಹಿಂಬಾಗಿಲಿಗೆ ಬಂದು ಒರಗಿದರೆ, ಬಾಗಿಲು ತೆರೆದವರ ಎದೆಗೇ ಬಡಿಯುತ್ತದೆ.

ಬಿಗಿತದಲ್ಲೇ ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು, ಗೂಡನ್ನು ಗಾಡಿಗೆ ಬಿಗಿಯುವ ರೀತಿ. ಭಾರವಿದೆ, ಎಲ್ಲಿಗೆ ಹೋದೀತು ಎಂದು ಸುಮ್ಮನೆ ಕೂರಿಸಿದ್ದನ್ನು ಕಂಡಿದ್ದೇನೆ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಅರ್ಧ ಮೀಟರಿನೊಳಗೆ ನಿಂತುಬಿಟ್ಟರೆ ಒಳಗಿರುವ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಸಾಮಾನು ಸೇರಿ 80 ಕೆ.ಜಿ.ಯ ಗೂಡು ಆ ಗಳಿಗೆಗೆ 1,600 ಕೆ.ಜಿ.ಯ ಹೊಡೆತ. ಅದರ ಮುಂದೆ ಇರುವುದು ಸೀಟಿನ ಬೆನ್ನು, ಅದರಾಚೆ ನಮ್ಮ ಮಕ್ಕಳು. ಯಾವ ಪ್ಲೈವುಡ್ ಗೂಡೂ ಇಂಥ ಹೊಡೆತವನ್ನು ಪೂರ್ತಿ ತಡೆದೀತೆಂದು ನಾನು ಹೇಳಲಾರೆ. ಅದಕ್ಕೇ ತೂಕ ಇಳಿಸುವುದು ಮೊದಲ ರಕ್ಷಣೆ, ಬಿಗಿಯುವುದು ಎರಡನೆಯದು. ಸಾಮಾನು ಕಟ್ಟಲೆಂದು ತಯಾರಕರೇ ಕೊಟ್ಟ ಕೊಂಡಿಗಳ ಬೋಲ್ಟು ಜಾಗಗಳನ್ನು ಬಳಸಬೇಕು; ಹಲಗೆಯ ಕಡೆ ಅಗಲದ ಕಬ್ಬಿಣದ ಪಟ್ಟಿ ಇರಬೇಕು, ಇಲ್ಲವಾದರೆ ಬೋಲ್ಟು ಮರವನ್ನು ಸೀಳಿಕೊಂಡು ಬರುತ್ತದೆ. ನೆಲದ ತಗಡಿಗೆ ಎಲ್ಲೆಂದರಲ್ಲಿ ಸ್ಕ್ರೂ ಕೊರೆಯುವುದು ತಪ್ಪು: ತಗಡು ಹಿಡಿಯುವುದಿಲ್ಲ, ಅಡಿಯಲ್ಲಿ ಇಂಧನದ ಟ್ಯಾಂಕು, ವೈರು, ಬ್ರೇಕಿನ ಕೊಳವೆ ಇದ್ದಾವು. ಸೀಟಿನ ಕಡೆಗಿರುವ ಹಿಂಗೋಡೆಗೆ ಕಾಣದ ಜಾಗವೆಂದು ತೆಳ್ಳನೆಯ ಹಾಳೆ ಹೊಡೆಯುವ ರೂಢಿಯಿದೆ. ಬ್ರೇಕು ಹಾಕಿದಾಗಲೆಲ್ಲ ತುಂಬಿದ ಡ್ರಾಯರ್ ಗುದ್ದುವುದು ಅದಕ್ಕೇ. ಇಡೀ ಗೂಡಿನಲ್ಲಿ ಒಂದು ಕಡೆ ದಪ್ಪ ಹಲಗೆ ಹಾಕುವುದಿದ್ದರೆ ಅಲ್ಲಿ ಹಾಕಲಿ.

ಮೂರನೆಯದಾದ ಕೈಗೆ ಸಿಗುವ ಗುಣದ ಬಗ್ಗೆ ಎರಡು ಮಾತು ಸಾಕು. ಹಲವು ಗಾಡಿಗಳಲ್ಲಿ ಜ್ಯಾಕು, ಪಾನಾ ಇರುವುದು ಡಿಕ್ಕಿಯ ನೆಲದ ಕೆಳಗೆ. ಅದರ ಮೇಲೆ ಗೂಡು ಬೋಲ್ಟಾದರೆ ಪಂಕ್ಚರ್ ಆದ ದಿನ ಗೂಡನ್ನೇ ಬಿಚ್ಚಬೇಕು. ಅಳತೆ ತೆಗೆಯುವ ಮೊದಲೇ ಜ್ಯಾಕಿಗೆ ಬೇರೆ ಜಾಗ ಹುಡುಕಿಕೊಳ್ಳಬೇಕು. ಹಾಗೆಯೇ ಗ್ಯಾಸ್ ಸಿಲಿಂಡರನ್ನು ಮುಚ್ಚಿದ ಡ್ರಾಯರಿನಲ್ಲಿ ಇಡಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ಕೂರುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅಕ್ರಮವಾದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಇಟ್ಟಿದೆ. ಸೀಟು ಕಿತ್ತು ಗೂಡು ಕೂರಿಸಿದರೆ ಆಸನಗಳ ಸಂಖ್ಯೆಯೇ ತಪ್ಪುತ್ತದೆ. ಸೀಟು ಮಡಚಿ, ಅದರ ಹಿಂದೆ ಬಿಚ್ಚಿ ತೆಗೆಯಬಹುದಾದ ಗೂಡು ಇಡುವುದೇ ಸರಿ. ಊರಿಗೆ ಮರಳಿದ ಮೇಲೆ ತೆಗೆದಿಟ್ಟರೆ ದಿನನಿತ್ಯದ ಡೀಸೆಲ್ಲೂ ಉಳಿಯುತ್ತದೆ.

ಇಷ್ಟೆಲ್ಲ ಹೇಳಿಯೂ ಇದನ್ನು ಒಳ್ಳೆಯ ಹವ್ಯಾಸ ಅನ್ನಲು ಕಾರಣಗಳಿವೆ. ಅಂಗಡಿಯ ಉಕ್ಕಿನ ಡ್ರಾಯರ್ ಯಾವುದೋ ದೊಡ್ಡ ಗಾಡಿಯ ಅಳತೆಗೆ ಬಂದದ್ದು, ತೂಕವೂ ಹೆಚ್ಚು. ಕೈಯಿಂದ ಮಾಡಿದ್ದು ನಮ್ಮ ಡಿಕ್ಕಿಯ ಓರೆಕೋರೆಗೆ, ನಮ್ಮ ಕುಕ್ಕರಿನ ಎತ್ತರಕ್ಕೆ ಹೊಂದುತ್ತದೆ. ದಾರಿಯಲ್ಲಿ ಮುರಿದರೆ ಯಾವ ಊರಿನ ಬಡಗಿಯಾದರೂ ಸರಿಮಾಡಿಕೊಡಬಲ್ಲರು. ಮಾಡಿದವರಿಗೆ ತಮ್ಮ ಗಾಡಿಯ ಪ್ರತಿ ಬೋಲ್ಟಿನ ಪರಿಚಯವಾಗುತ್ತದೆ. ಇದು ದುಡ್ಡು ಕೊಟ್ಟು ತರುವಂಥದ್ದಲ್ಲ.

ಆದರೂ ಎಲ್ಲರಿಗೂ ಇದು ಬೇಡ. ಆಗೊಮ್ಮೆ ಈಗೊಮ್ಮೆ ಸಕಲೇಶಪುರದ ಕಡೆ ಎರಡು ದಿನ ಹೋಗಿಬರುವವರಿಗೆ ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಕ್ರೇಟು, ಅವನ್ನು ಕೊಂಡಿಗೆ ಬಿಗಿಯಲು ಗಟ್ಟಿ ಪಟ್ಟಿ ಸಾಕು. ಹಗುರ, ಅಗ್ಗ, ಇಳಿಸಿ ಮನೆಯೊಳಗೂ ಒಯ್ಯಬಹುದು. ವಾರಗಟ್ಟಲೆ ದಾರಿಯಲ್ಲೇ ಇರುವವರಿಗೆ ಮಾತ್ರ ಡ್ರಾಯರ್ ತನ್ನ ತೂಕಕ್ಕೆ ತಕ್ಕ ಕೆಲಸ ಮಾಡುತ್ತದೆ.

ಮಾಡಲು ಹೊರಟವರಲ್ಲಿ ನನ್ನ ವಿನಂತಿ ಇಷ್ಟು. ಪ್ಲೈವುಡ್ ಅಂಗಡಿಗೆ ಹೋಗುವ ಮೊದಲು, ಪ್ರವಾಸಕ್ಕೆ ಹೊರಟಂತೆಯೇ ಎಲ್ಲರನ್ನೂ ಎಲ್ಲವನ್ನೂ ತುಂಬಿಕೊಂಡು ಊರಿನ ಲಾರಿ ತೂಕದ ವೇಬ್ರಿಡ್ಜಿಗೆ ಹೋಗಿ ಬನ್ನಿ. ಚೀಟಿಯಲ್ಲಿ ಬಂದ ಅಂಕಿಯನ್ನು ತಯಾರಕರು ಹೇಳಿದ ಒಟ್ಟು ತೂಕದಿಂದ ಕಳೆಯಿರಿ. ಉಳಿದದ್ದು ನಿಮ್ಮ ಡ್ರಾಯರಿನ ಪಾಲು. ಆ ಅಂಕಿ ಚಿಕ್ಕದಾಗಿದ್ದರೆ ಎರಡರ ಬದಲು ಒಂದೇ ಡ್ರಾಯರ್ ಮಾಡಿ, ತೆಳು ಹಲಗೆಯಲ್ಲಿ ಮಾಡಿ, ನಾಲ್ಕೂ ಮೂಲೆಗೆ ಬಿಗಿಯಿರಿ. ಉಳಿದದ್ದೇ ಇಲ್ಲವಾದರೆ ಡ್ರಾಯರ್ ಬಿಡಿ, ಸಾಮಾನು ಕಡಿಮೆ ಮಾಡಿ.